ಕಡಲ ದಾರಿಯಲ್ಲಿ ದೊಡ್ಡಮ್ಮನ ಹಲ್ಲುಗಳು

ಶನಿವಾರ, ಮಾರ್ಚ್ ೧೪
ಬಸ್ ನಿಲ್ದಾಣದ ಎದುರಿನ ವಸತಿಗೃಹ, ಕಡಲ ದಾರಿಯ ಕೊನೆಯ ಊರು

ಅಮ್ಮಾ,

ಈ ಕಾಗದವನ್ನು ದೊಡ್ಡಮ್ಮ ನಿನ್ನ ಕೈಗೆ ಕೊಡುತ್ತಾಳೆ. ಅವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಪ್ರಶ್ನೆ ಕೇಳಬೇಡ. ಒಂದು ಲೋಟ ಚಹಾ ಕೊಟ್ಟು, ಆಮೇಲೆ ನೀನೂ ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಹುಡುಕುವಷ್ಟರಲ್ಲಿ ನೀನು ಹತ್ತು ಆಡಿ ಮುಗಿಸಿರುತ್ತೀಯ, ನಾನು ಹೂಂ ಎಂದು ಇಟ್ಟುಬಿಡುತ್ತೇನೆ. ಕಾಗದಕ್ಕಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಹೊರಡುವಾಗ ನೀನು ಒಪ್ಪಿಸಿದ ಕೆಲಸವನ್ನು ನಾನು ಮರೆತಿಲ್ಲ. ಕಡಲಂಚಿನ ದಾರಿಯಲ್ಲಿ ಅಕ್ಕನ ಜೊತೆ ಸುತ್ತಾಡು, ಚಿಕ್ಕಪುಟ್ಟ ಊರುಗಳನ್ನು ನೋಡಿ ಅವಳ ಮನಸ್ಸು ಹಗುರಾಗಲಿ, ನಮ್ಮ ಕೆಳಗಿನ ಕೋಣೆಯಲ್ಲಿ ಸ್ವಂತವಾಗಿ ಹಲ್ಲು ಕಟ್ಟುವ ಕೆಲಸ ಶುರುಮಾಡಲು ಅವಳನ್ನು ಒಪ್ಪಿಸಿಕೊಂಡು ಬಾ, ದಾರಿಯ ಕೊನೆಯ ಊರಿಗೆ ಮಾತ್ರ ಹೋಗಗೊಡಬೇಡ ಎಂದಿದ್ದೆ. ಇದರಲ್ಲಿ ಒಂದನ್ನು ನಾನು ಮೀರಿದ್ದೇನೆ. ಯಾವುದೆಂದು ಈ ಕಾಗದದ ಮೇಲಿನ ವಿಳಾಸ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ.

ಕಡಲನ್ನೇನೋ ತೋರಿಸಿದೆ. ದಾರಿ ಗುಡ್ಡದ ಸೊಂಟ ಹಿಡಿದುಕೊಂಡೇ ಹೋಗುತ್ತದೆ. ಒಂದು ತಿರುವಿನಲ್ಲಿ ಕಣ್ಣಿಗೆ ಕಲ್ಲುಗೋಡೆ, ಮುಂದಿನದರಲ್ಲಿ ಗೋಡೆ ಕಿತ್ತು ಹಾಕಿದ ಹಾಗೆ ಬರೀ ನೀಲಿ. ತಿರುವಿಗೊಂದರಂತೆ 'ಹಾರ್ನ್ ಮಾಡಿ' ಎಂಬ ಬೋರ್ಡು. ಎದುರಿಗೆ ಒಂದು ಆಡೂ ಇಲ್ಲದಿದ್ದರೂ ದೊಡ್ಡಮ್ಮ ಪ್ರತಿ ಬೋರ್ಡಿಗೂ ಹಾರ್ನ್ ಮಾಡಿದಳು. ಬಂಡೆಯ ತುದಿಯಲ್ಲಿ ದೀಪಸ್ತಂಭ ಕಂಡಾಗ, ನೋಡು ದೊಡ್ಡಮ್ಮ ಎಂದೆ. ಕಾರು ನಿಧಾನ ಮಾಡಿ ನೋಡಿದಳು. "ಚೆನ್ನಾಗಿದೆ. ಆದ್ರೆ ಬಿಳಿ ಜಾಸ್ತಿ ಆಯ್ತು. ಅಷ್ಟು ಬಿಳಿ ಇದ್ರೆ ಸುಳ್ಳು ಅಂತ ಗೊತ್ತಾಗ್ಬಿಡತ್ತೆ" ಎಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೊದಲು ಸಿಕ್ಕಿದ್ದು ಉಪ್ಪಿನ ಊರು. ಬೀದಿಯ ಎರಡೂ ಕಡೆ ಉಪ್ಪಿನ ಚೀಲ ಜೋಡಿಸಿದ್ದರು, ಅಂಗಡಿಗಳ ಬಾಗಿಲ ಚಿಲಕವೆಲ್ಲ ತುಕ್ಕು ಹಿಡಿದು ಕೆಂಪಾಗಿತ್ತು. ದೊಡ್ಡಮ್ಮ ಒಂದು ಕ್ಷೌರದಂಗಡಿಯ ಎದುರು ಕಾರು ನಿಲ್ಲಿಸಿದವಳು ಇಳಿಯಲೇ ಇಲ್ಲ. ಗಾಜು ಇಳಿಸಿ ನೋಡುತ್ತ ಕೂತಳು. ಏನು ನೋಡುತ್ತಿದ್ದೇವೆ ಎಂದು ಕೇಳಿದೆ. "ಬಾಯಿ" ಎಂದಳು.

ಅವಳು ಕೆಲಸಕ್ಕಿರುವ ವರ್ಕ್‌ಶಾಪಿಗೆ ಕಡಲ ಕಡೆಯ ಡಾಕ್ಟರುಗಳಿಂದ ಬಾಯಿಯ ಅಚ್ಚುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವಲ್ಲ. ಪೆಟ್ಟಿಗೆಯ ಮೇಲೆ ಊರಿನ ಹೆಸರು, ಒಳಗೆ ಪ್ಲಾಸ್ಟರಿನ ಒಸಡು. ಕಿಟಕಿಯ ಪಕ್ಕ ಕೂತು ಅದಕ್ಕೆ ಹಲ್ಲು ಕಟ್ಟಿ, ಹೊಳಪು ಕೊಟ್ಟು, ಅದೇ ಪೆಟ್ಟಿಗೆಯಲ್ಲಿ ಕಳಿಸುವುದು. ಅಷ್ಟು ವರ್ಷ ಮಾಡಿದರೂ ತಾನು ಕಟ್ಟಿದ ಹಲ್ಲನ್ನು ಒಂದು ಮುಖದಲ್ಲೂ ಅವಳು ನೋಡಿಲ್ಲವಂತೆ. "ಅಚ್ಚು ನೋಡಿದ್ರೆ ಸಾಕು, ಇವನು ಎಡಗಡೆ ಅಗಿಯೋನು, ಇವಳು ನಿದ್ದೇಲಿ ಹಲ್ಲು ಕಡಿಯೋಳು ಅಂತ ಹೇಳ್ತಿದ್ದೆ. ನಕ್ಕರೆ ಹೇಗೆ ಕಾಣ್ತಾರೋ, ಅದೊಂದು ಗೊತ್ತಾಗ್ಲೇ ಇಲ್ಲ ಪುಟ್ಟಿ" ಎಂದಳು. ನಮ್ಮ ಪ್ರವಾಸದ ಊರುಗಳನ್ನೆಲ್ಲ ಅವಳು ಪೆಟ್ಟಿಗೆಗಳ ನೆನಪಿನಿಂದಲೇ ಆರಿಸಿದ್ದಳು. ನೀನು ಕಡಲ ಗಾಳಿ ಎಂದುಕೊಂಡೆ.

ತನ್ನ ಕೆಲಸವನ್ನು ಅವಳು ಹೇಗೆ ಗುರುತು ಹಿಡಿಯುತ್ತಾಳೆ ಗೊತ್ತೇ? ಮುಂದಿನ ಹಲ್ಲುಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸುತ್ತಾಳೆ. ವರ್ಕ್‌ಶಾಪಿನ ಮಾಲೀಕರು ಇದಕ್ಕೆ ಬೈಯುತ್ತಿದ್ದರಂತೆ. ಕವಾಯತಿಗೆ ನಿಂತ ಹಾಗೆ ನೆಟ್ಟಗಿರುವ ಹಲ್ಲನ್ನು ದೇವರೂ ಯಾರಿಗೂ ಕೊಟ್ಟಿಲ್ಲ, ನಾನ್ಯಾಕೆ ಕೊಡಲಿ ಎಂಬುದು ಇವಳ ವಾದ.

ತೊಂದರೆಯೆಂದರೆ, ಆ ಹಲ್ಲು ಕಾಣಬೇಕಾದರೆ ಮನುಷ್ಯ ನಗಬೇಕು. ನಗಿಸುವ ಕೆಲಸ ನನ್ನ ಪಾಲಿಗೆ ಬಂತು! ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಲಿಗೆ ಏಳದ ನನಗೆ. ಓದಿದ್ದೀಯಲ್ಲ, ಏನಾದ್ರೂ ತಮಾಷೆ ಹೇಳು ಹೋಗು ಎಂದು ಕಾರಿನಿಂದ ದಬ್ಬಿದಳು. ಕ್ಷೌರದಂಗಡಿಯಲ್ಲಿ ಕೂತಿದ್ದ ಮುದುಕರಿಗೆ ನಾನು ಕಾಲೇಜಿನಲ್ಲಿ ಕೇಳಿದ ಒಂದು ವಿನೋದ ಹೇಳಿದೆ. ಪೂರ್ತಿ ಕೇಳಿ, ಕ್ಷೌರಿಕ ಕತ್ತರಿ ಕೆಳಗಿಟ್ಟು, ಮನೇಲಿ ಏನಾದ್ರೂ ತೊಂದರೇನಮ್ಮಾ ಎಂದು ಕೇಳಿದ. ಓಡಿಬಂದು ಕಾರಿನಲ್ಲಿ ಮುಖ ಮುಚ್ಚಿಕೊಂಡೆ.

ಕೊನೆಗೆ ನಗಿಸಿದ್ದು ನನ್ನ ಪೆದ್ದುತನ. ಮರುದಿನ, ದೋಣಿ ರಿಪೇರಿಯ ಊರಿನಲ್ಲಿ, ಬೆಲ್ಟು ಬಿಚ್ಚುವುದನ್ನು ಮರೆತು ಕಾರಿನಿಂದ ಇಳಿಯಹೋದೆ. ಅದು ನನ್ನನ್ನು ಹಿಂದಕ್ಕೆ ಎಳೆದು ಸೀಟಿಗೆ ಕುಕ್ಕಿತು. ಎದುರಿನ ಹಗ್ಗದಂಗಡಿಯ ಯಜಮಾನ ಬಾಯಿ ತುಂಬ ನಕ್ಕ. ದೊಡ್ಡಮ್ಮ ನನ್ನ ತೋಳು ಹಿಂಡಿ, "ನಂದು! ನಂದು ಅದು!" ಎಂದು ಪಿಸುಗುಟ್ಟಿದಳು. ಆ ಮನುಷ್ಯನನ್ನು ಅವಳು ನೋಡಿದ ರೀತಿಯನ್ನು ನೀನು ನೋಡಬೇಕಿತ್ತು. ಆಮೇಲೆ ಊರೂರಲ್ಲೂ ನಾನು ಬೇಕೆಂದೇ ಬೆಲ್ಟು ಹಾಕಿಕೊಂಡು ಇಳಿದೆ. ಇನ್ನೊಂದು ಊರಿನಲ್ಲಿ ಒಬ್ಬ ಮೀನಿನ ದಲ್ಲಾಳಿ ಇವಳು ಕಟ್ಟಿದ ಹಲ್ಲಿನ ಸೆಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ, ಫೋಟೋ ತೆಗೆಯುವಾಗ ಮಾತ್ರ ಹಾಕುತ್ತಾನಂತೆ. ನಾನೇನು ಜೇಬಿಗೆ ಅಳತೆ ತಗೊಂಡು ಕಟ್ಟಿದ್ನಾ ಎಂದು ದೊಡ್ಡಮ್ಮ ಅರ್ಧ ದಾರಿ ಗೊಣಗಿದಳು.

ಇಷ್ಟು ನಗುತ್ತಿದ್ದವಳು ಗುಡ್ಡದ ಕವಲು ಹತ್ತಿರ ಬಂದಂತೆ ಬೋರ್ಡುಗಳಿಗೆ ಹಾರ್ನ್ ಮಾಡುವುದನ್ನೂ ಬಿಟ್ಟಳು. ಮೇಲಿನ ದಾರಿ ಹೆದ್ದಾರಿಗೆ, ಮನೆಗೆ. ಕೆಳಗಿನದು ಕೊನೆಯ ಊರಿಗೆ. ಅಲ್ಲಿಂದಲೇ ಅಲ್ಲವೇ ಒಂದೇ ಸೆಟ್ಟು ಮೂರು ಸಲ ತಿರುಗಿ ಬಂದದ್ದು? ಮೂರು ಸಲವೂ ಡಾಕ್ಟರ ಚೀಟಿಯಲ್ಲಿ 'ಸರಿಯಿಲ್ಲ' ಎಂಬ ಒಂದೇ ಮಾತು. ನಾಲ್ಕನೆಯ ಸಲ ಕಳಿಸಿದ್ದು ಬರಲಿಲ್ಲ. ಸರಿಹೋಯಿತೋ, ಆ ಮನುಷ್ಯರಿಗೇ ಸಾಕಾಯಿತೋ ತಿಳಿಯಲಿಲ್ಲ. ಮಾಲೀಕರು ಹಲ್ಲು ಕಟ್ಟುವುದನ್ನು ಬಿಡಿಸಿ ಇವಳನ್ನು ಹೊಳಪು ಕೊಡಲು ಕೂರಿಸಿದರು. ನನ್ನ ಕೈ ಕೆಟ್ಟಿದೆ ಎಂದು ಅಂದಿನಿಂದ ಅನ್ನುತ್ತಿದ್ದಾಳೆ. ನಮ್ಮ ಕೋಣೆಯನ್ನು ಬೇಡ ಎನ್ನುವುದೂ ಅದಕ್ಕೇ. ಅಲ್ಲಿಗೆ ಹೋಗಿ ಕೆಟ್ಟ ಸುದ್ದಿ ಕೇಳಿದರೆ ಅವಳು ಇನ್ನು ಹಲ್ಲು ಕಟ್ಟುವ ಮೇಣ ಮುಟ್ಟುವುದಿಲ್ಲ ಎಂದು ನೀನು ಹೆದರಿದ್ದೂ ಸುಳ್ಳಲ್ಲ.

ಕೆಳಗಿನ ದಾರಿ ಕುಸಿದಿದೆಯಂತೆ ಎಂದು ಹೇಳಲು ನೀನು ನನಗೆ ಹೇಳಿಕೊಟ್ಟಿದ್ದೆ. ಕವಲಿನಲ್ಲಿ ದೊಡ್ಡಮ್ಮ ಕಾರು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕಡಲು ನೋಡಿದೆ. "ಹೇಳು, ನಿಮ್ಮಮ್ಮ ಏನೋ ಹೇಳಿಕೊಟ್ಟಿರ್ಬೇಕಲ್ಲ" ಎಂದಳು. ಏನೂ ಇಲ್ಲ ಎಂದೆ. ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ ಅಮ್ಮ. ಆ ಬಾಯಿ ಯಾರದೆಂದು ನನಗೂ ನೋಡಬೇಕಿತ್ತು.

ಕೊನೆಯ ಊರೆಂದರೆ ಇಳಿಜಾರಾದ ಒಂದೇ ಬೀದಿ. ಮೇಲೆ ಅಂಚೆ ಕಚೇರಿ, ಕೆಳಗೆ ಬಸ್ ನಿಲ್ದಾಣ, ಅದರ ಹಿಂದೆ ದೋಣಿ ನಿಲ್ಲುವ ದಕ್ಕೆ. ಡಾಕ್ಟರು ಊರು ಬಿಟ್ಟು ಹೋಗಿದ್ದರು, ಅವರ ಕ್ಲಿನಿಕ್ಕಿನಲ್ಲಿ ಫೋನಿನ ಕವರು ಮಾರುತ್ತಿದ್ದರು. ಇನ್ನು ಹುಡುಕುವುದು ಎಲ್ಲಿ ಎಂದು ನಿಂತಿದ್ದಾಗ ನಿಲ್ದಾಣದ ಮೈಕು ಮಾತಾಡಿತು. ಸೇತುವೆ ಮೇಲಿಂದ ಸೋಪಿನ ಕಾರ್ಖಾನೆಗೆ ಹೋಗುವ ಬಸ್ಸು ಎಂದು ಒಂದು ಹೆಂಗಸಿನ ದನಿ. ಪ್ರತಿ 'ಸ'ಕಾರಕ್ಕೂ ಕುಕ್ಕರು ಕೂಗಿದ ಹಾಗೆ ಒಂದು ಸಿಳ್ಳೆ. ಬೆಂಚಿನ ಮೇಲಿದ್ದ ಇಬ್ಬರು ಹುಡುಗಿಯರು ಜೊತೆಗೇ ಸಿಳ್ಳೆ ಹಾಕಿ ಕಿಸಕ್ಕೆಂದರು. ದೊಡ್ಡಮ್ಮ ಕಂಬದ ಮೇಲಿನ ಸ್ಪೀಕರನ್ನೇ ನೋಡುತ್ತ ನಿಂತುಬಿಟ್ಟಳು.

ಗಾಜಿನ ಗೂಡಿನಲ್ಲಿ ಅವಳದೇ ವಯಸ್ಸಿನ ಒಬ್ಬರು ಕೂತಿದ್ದರು. ಸಿಳ್ಳೆ ಕೇಳದಿರಲೆಂದು ಮೈಕಿಗೆ ಟವೆಲ್ಲು ಸುತ್ತಿದ್ದರು. ದೊಡ್ಡಮ್ಮ ಕಿಂಡಿಗೆ ಬಾಗಿ, ಅವರ ಬಾಯಲ್ಲಿ ತನ್ನ ಓರೆ ಹಲ್ಲು ಕಂಡದ್ದೇ, ಹಿಂದಿಲ್ಲ ಮುಂದಿಲ್ಲ, "ನಿಮ್ಮ ಹಲ್ಲು ಕಟ್ಟಿದ್ದು ನಾನು" ಎಂದಳು. ಮೈಕು ಆರಿಸಿರಲಿಲ್ಲ. ಉತ್ತರ ಇಡೀ ನಿಲ್ದಾಣಕ್ಕೆ ಕೇಳಿಸಿತು. "ಓಹೋ, ಆ ಮಹಾತಾಯಿ ನೀವೇನಾ! ಮೂರು ಸಲ ಕಳ್ಸಿದೆ, ಮೂರು ಸಲಾನೂ ಸಿಳ್ಳೆ ಹೊಡ್ಕೊಂಡೇ ವಾಪಸ್ ಬಂತು. ಊರೆಲ್ಲ ಸಿಳ್ಳೆ ಅಕ್ಕ ಅನ್ನತ್ತೆ. ಮೊನ್ನೆ ಬಂದ ಅಳಿಯನೂ ಹಾಗೇ ಅಂದ!"

ದೊಡ್ಡಮ್ಮನ ಮುಖ ಬಿಳಿಚಿಕೊಂಡಿತ್ತು. ಆದರೂ, ಊಟಕ್ಕೆ ಹೇಗಿದೆ ಎಂದು ಕೇಳಿದಳು. "ಊಟಕ್ಕೇನು, ಕಬ್ಬಿಣ ಕೊಟ್ರೂ ಕಡಿದು ಹಾಕ್ತೀನಿ." ಅಲುಗಾಡತ್ತಾ, ಚುಚ್ಚತ್ತಾ? "ಇಲ್ವೇ ಇಲ್ಲ. ಮಾತಾಡಕ್ಕೆ ಹೋದ್ರೆ ಮಾತ್ರ ಮಾನ ಹೋಗತ್ತೆ." ದೊಡ್ಡಮ್ಮ ಪಕ್ಕದ ಲಗೇಜು ತೂಗುವ ತಕ್ಕಡಿಯ ಮೇಲೆ ಧೊಪ್ಪನೆ ಕೂತಳು. ಮುಳ್ಳು ಗಿರ್ರೆಂದಿತು. ಮೂರು ಸಲವೂ ಅವಳು ಕಡಿತವನ್ನು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿಯನ್ನು, ತಿದ್ದಿದ್ದಳು, ಕಡಿತ ಮೊದಲಿನಿಂದಲೂ ಸರಿಯಾಗಿತ್ತು. ಈ ಬಾಯಿಯ ಕೆಲಸವೇ ಮಾತಾಡುವುದು ಎಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಮತ್ತೆ ಯಾಕೆ ಕಳಿಸಲಿಲ್ಲ ಎಂದು ಕೇಳಿದರೆ, ಸೆಟ್ಟು ರಿಪೇರಿಗೆ ಹೋದಾಗಲೆಲ್ಲ ಚಹಾದಂಗಡಿಯವನನ್ನು ಬಸ್ಸು ಕೂಗಲು ಕೂರಿಸುತ್ತಿದ್ದರಂತೆ. ಅವನು ಒಂದು ಮದುವೆಯ ದಿಬ್ಬಣವನ್ನೇ ಸೋಪಿನ ಕಾರ್ಖಾನೆಗೆ ಕಳಿಸಿದನಂತೆ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ! ದೊಡ್ಡಮ್ಮ ಕೈಚೀಲದಿಂದ ಗುಲಾಬಿ ಮೇಣದ ತುಂಡು ತೆಗೆದಳು. ಕೈ ಕೆಟ್ಟಿದೆ ಎನ್ನುವವಳು ಅದನ್ನು ಜೊತೆಗೇ ಇಟ್ಟುಕೊಂಡು ತಿರುಗುತ್ತಿದ್ದಳು ನೋಡು. ಚಹಾದ ಒಲೆಯ ಮೇಲೆ ಬಿಸಿಮಾಡಿ, ಮುಂದಿನ ಹಲ್ಲಿನ ಹಿಂದೆ, ನಾಲಿಗೆ ತಾಗುವಲ್ಲಿ ಸವರಿದಳು. ಗಾಳಿ ಅಲ್ಲೇ ಸಣ್ಣ ಸಂದಿಯಲ್ಲಿ ನುಸುಳಿ ಸಿಳ್ಳೆಯಾಗುತ್ತಿತ್ತಂತೆ. ಅಷ್ಟರಲ್ಲಿ ಹೊರಡಬೇಕಾದ ಒಂದು ಬಸ್ಸನ್ನು ಬೇರೆ ಯಾರೋ ಕೂಗಿದರು. ಮೊದಲ ಸಲ ಮೇಣ ದಪ್ಪವಾಗಿ ಸೋಪು ಶೋಪಾಯಿತು. ಬೆಂಚಿನವರು ನಕ್ಕರು. ದೊಡ್ಡಮ್ಮ ಕೆರೆದಳು, ಮತ್ತೆ ಹೇಳಿ ಎಂದಳು, ಮತ್ತೆ ಕೆರೆದಳು. ಯಾರ ನಗುವೂ ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕೊನೆಗೊಮ್ಮೆ ಸೇತುವೆ, ಸೋಪು, ಬಸ್ಸು ಎಲ್ಲ ನೀರಿನ ಹಾಗೆ ಹರಿದು ಬಂದವು. ಯಾರೂ ನಗಲಿಲ್ಲ. ಒಬ್ಬ ಅಜ್ಜ ಮಾತ್ರ ಸಿಳ್ಳೆಯಿಲ್ಲದ ಆ ದನಿಯ ಗುರುತು ಸಿಗದೆ ಬಸ್ಸು ತಪ್ಪಿಸಿಕೊಂಡು ಜಗಳಕ್ಕೆ ಬಂದ. ಸಿಳ್ಳೆ ಅಕ್ಕ ಕೂಗಲೇ ಇಲ್ಲ, ಇನ್ಯಾರೋ ಕೂಗಿದ್ರು ಎಂದು ಹಟ ಹಿಡಿದ. ಗೂಡಿನಲ್ಲಿ ಅವರು ಮೈಕಿಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ಮಡಿಸಿ, ಕಣ್ಣಿಗೆ ಒತ್ತಿಕೊಂಡರು.

"ಮೇಣ ಅಲ್ವಾ, ಬಿಸಿ ಚಹಾ ಕುಡಿದ್ರೆ ಹೋಯ್ತು. ಸೆಟ್ಟು ಕೊಡಿ, ಗಟ್ಟಿಯಾಗಿ ಮಾಡ್ಕೊಂಡು ಬರ್ತೀನಿ" ಎಂದು ದೊಡ್ಡಮ್ಮ ಹೇಳಿಯೇಬಿಟ್ಟಳು. ಎಲ್ಲಿ ಮಾಡುತ್ತೇನೆ ಎಂದು ಆಗ ಯೋಚಿಸಿರಲಿಲ್ಲ. ಸಂಜೆ ದಕ್ಕೆಯ ಕಟ್ಟೆಯ ಮೇಲೆ ಕೂತಾಗ, ಅವಳ ಬೆನ್ನ ಹಿಂದೆ ಅಷ್ಟು ದೊಡ್ಡ ಕಡಲಿತ್ತು, ಇವಳು ಕೇಳಿದ್ದು ನಮ್ಮ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂದು. ಬೆಳಗಿನ ಬೆಳಕು ಬರತ್ತಾ? ಬರುತ್ತದೆ ಎಂದೆ. ನಲ್ಲಿ ಇದೆಯಾ? ಇದೆ ಎಂದೆ. ಇಲ್ಲವೆಂದು ನನಗೆ ಗೊತ್ತು, ನಾಳೆಯೇ ಪ್ಲಂಬರಿಗೆ ಹೇಳು. ಕಟ್ಟೆಯಿಂದ ಏಳುತ್ತ, "ನನ್ನ ಕೈ ಕೆಟ್ಟಿರ್ಲಿಲ್ಲ ಕಣೆ ಪುಟ್ಟಿ. ವಿಷಯ ಯಾರೂ ಕಿವಿಗೆ ಹಾಕಿರ್ಲಿಲ್ಲ, ಅಷ್ಟೇ" ಎಂದಳು.

ನೀನು ಕೇಳಿದ ಒಪ್ಪಿಗೆ ಇದೇ ಎಂದು ತಿಳಿದುಕೋ. ಬಾಯಿಬಿಟ್ಟು ಕೇಳಲು ಹೋಗಬೇಡ, ನಿಮ್ಮಿಬ್ಬರಿಗೂ ಜಗಳವಾಗುತ್ತದೆ.

ನಿನ್ನ,
ಗುಮ್ಮನಗುಸುಕಿ

ಮ.ತಾ.: ಕಾರಿನಿಂದ ದೊಡ್ಡಮ್ಮ ಒಬ್ಬಳೇ ಇಳಿದದ್ದಕ್ಕೆ ಗಾಬರಿಯಾಗಬೇಡ. ಸಿಳ್ಳೆ ಅಕ್ಕನ ಹಲ್ಲು ಅವಳ ಕೈಚೀಲದಲ್ಲಿ ನಮ್ಮ ಮನೆಗೆ ಬಂದಿದೆ. ಅದು ತಿರುಗಿ ಬರುವವರೆಗೆ ಇಲ್ಲಿ ಬಸ್ಸು ಕೂಗಲು ಜನ ಬೇಕು, ಚಹಾದಂಗಡಿಯವನು ಮಾತ್ರ ಬೇಡ ಎಂದು ನಿಲ್ದಾಣದ ಕಂಟ್ರೋಲರು ನನಗೇ ಕೈಮುಗಿದರು, ಉಳಿಯಲು ಒಪ್ಪಿದೆ. ಮೇಣ ಸವರುವಾಗ ಹೊರಟ ಆ ಬಸ್ಸನ್ನು ಕೂಗಿದ್ದು ನಾನು ಅಮ್ಮ. ಯಾರೂ ಮುಂದೆ ಬರಲಿಲ್ಲ, ಡ್ರೈವರು ಎಂಜಿನ್ ಚಾಲೂ ಮಾಡಿಬಿಟ್ಟಿದ್ದ. ಕಣ್ಣು ಮುಚ್ಚಿಕೊಂಡು ಕೂಗಿದೆ. ಕಣ್ಣು ತೆರೆದರೆ ಇಡೀ ಬೆಂಚು ಎದ್ದು ನಿಂತು, ಗಂಟುಮೂಟೆ ಎತ್ತಿಕೊಂಡು, ನಾನು ಹೇಳಿದ ಬಸ್ಸನ್ನು ಹತ್ತುತ್ತಿತ್ತು.