ಉಲ್ಲಾಳದ ಹುಡುಗನ ಹೃದಯ

ಚಂದ್ರಾ ಲೇಔಟ್, ಬೆಂಗಳೂರು
೧೮ ಆಗಸ್ಟ್ ೨೦೨೪

ಪ್ರೀತಿಯ ರಾಗಿಣಿ,

ಚೆನ್ನಾಗಿದ್ದೀಯಾ? ಮೈಸೂರಿನಿಂದ ನೀನು ಎರಡು ಸಲ ಬರೆದರೂ ನನ್ನಿಂದ ಉತ್ತರವಿಲ್ಲ, ಬೈಯಬೇಡ. ಬರೆಯಲು ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ. ಈಗಷ್ಟೇ ಕುಕ್ಕರ್ ಕೂಗಿತೆಂದು ಓಡಿದೆ. ಕೂಗಿದ್ದು ಪಕ್ಕದ ಮನೆಯದು.

ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಅಂಗಾಂಗಗಳನ್ನು ಬಾಟಲಿಗಳಲ್ಲಿ ಇಟ್ಟಿರುವ ಅಂಗರಚನೆಯ ಮ್ಯೂಸಿಯಂ ತೆರವು ಮಾಡಬೇಕಂತೆ. ದೇಹವನ್ನು ಪರದೆಯ ಮೇಲೆ ಬಿಡಿಸಿ ತೋರಿಸುವ ಕಂಪ್ಯೂಟರ್ ಮೇಜು ಅಲ್ಲಿಗೆ ಬರುತ್ತದೆ. "ಹಳೇ ಬಾಟ್ಲಿಗಳಲ್ಲಿ ಒಳ್ಳೇದನ್ನ ಇಟ್ಕೊಳ್ಳಿ ಮೇಡಂ, ಮಿಕ್ಕಿದ್ದು ಬಿಸಾಕ್ಸಿಬಿಡಿ" ಅಂದರು ಪ್ರಿನ್ಸಿಪಾಲ್ ಸುಧೀಂದ್ರ. ನಮ್ಮ ವೆಂಕಟಗಿರಿ ಮೇಷ್ಟ್ರು ಒಂದೊಂದಾಗಿ ಕೂಡಿಸಿದ್ದು ಅದೆಲ್ಲ. ಅವರು ನಿವೃತ್ತರಾದ ಮೇಲೆ ಅಂಗಗಳು ಕೆಡದಂತೆ ಫಾರ್ಮಲಿನ್ ದ್ರವ ಬದಲಿಸುತ್ತ, ಮುಚ್ಚಳಕ್ಕೆ ಮೇಣ ಹಚ್ಚುತ್ತ ಕಾಪಾಡಿಕೊಂಡು ಬಂದವಳು ನಾನು.

ಆ ಗಡಿಬಿಡಿಯಲ್ಲೇ ಇಲ್ಲೇ ಬೆಂಗಳೂರಿನ ಅಂಚಿನ ಉಲ್ಲಾಳದಿಂದ ಬೋರಮ್ಮ ಎಂಬ ಮುದುಕಿ ಬಂದರು. ಮೊಮ್ಮಗಳು ರಮ್ಯಶ್ರೀ ಕೈ ಹಿಡಿದು ಕರೆತಂದಿದ್ದಳು.

"ಇಲ್ಲಿ ನನ್ ಮಗನ್ ಗುಂಡಿಗೆ ಐತಂತೆ ಕಣವ್ವ. ನಮ್ಮೋರು ಸಾಯೋಕ್ ಮುಂಚೆ ಹೇಳಿದ್ರು."

ಯಾವುದೆಂದು ತಕ್ಷಣ ಹೊಳೆಯಿತು. ಒಳಗೋಡೆಯಲ್ಲಿ ಹುಟ್ಟಿನಿಂದಲೇ ತೂತಿದ್ದ ಆ ಪುಟ್ಟ ಹೃದಯ. ಅದನ್ನು ತೋರಿಸಿ ಪಾಠ ಮಾಡದ ವರ್ಷವಿಲ್ಲ. "ಉಲ್ಲಾಳದ ಹುಡುಗನದ್ದು, ತಂದೆ ಬೈರಪ್ಪನನ್ನ ಕೇಳಿಯೇ ತಗೊಂಡೆ" ಎಂದು ಮೇಷ್ಟ್ರು ಹೆಮ್ಮೆಪಡುತ್ತಿದ್ದರು. ಆಗೆಲ್ಲ ಅಷ್ಟು ಕೇಳುವವರೂ ಕಡಿಮೆ. ತಾಯಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ತೋರಿಸಿದೆ. ಬೋರಮ್ಮ ಅಳಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು, "ಇಷ್ಟೇನಾ ಇದ್ದಿದ್ದು?" ಅಂದರು.

"ಅಮ್ಮಾ, ಇದನ್ನ ನೋಡಿ ಎಷ್ಟೋ ಜನ ಡಾಕ್ಟ್ರಾದ್ರು."

"ಕಲ್ತ್ರಲ್ಲ, ಒಳ್ಳೇದಾಯ್ತು. ಇನ್ ಸಾಕು ಕಣವ್ವ, ನಂಗ್ ಕೊಟ್ಬುಡಿ. ಅವರಪ್ಪನ್ ಪಕ್ಕ ಮಡಗ್ತೀನಿ."

ನಿನ್ನ ಹತ್ತಿರ ಮುಚ್ಚಿಡಲೇಕೆ? ಕೊಡಲು ನನಗೂ ಮನಸ್ಸಿರಲಿಲ್ಲ. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಅವರನ್ನು ಕಳಿಸಿದೆ. ರಮ್ಯಶ್ರೀ ಫೋನ್ ಮಾಡಿದರೆ ಎತ್ತದೆ, ಕಾರಿಡಾರಿನಲ್ಲಿ ಸುಮ್ಮನೆ ಓಡಾಡಿದೆ. ಆಮೇಲೆ ಪಾಠ ಮಾಡುವಾಗ ಆ ಬಾಟಲಿ ಎತ್ತಿಕೊಂಡೆ, ಹಾಗೇ ಕೆಳಗಿಟ್ಟೆ. ಕ್ಲಾಸು ಅಲ್ಲಿಗೇ ಬಿಟ್ಟು ಸುಧೀಂದ್ರರ ಬಳಿ ಹೋದೆ.

"ಒಬ್ರಿಗೆ ಕೊಟ್ರೆ ನಾಳೆ ಎಲ್ರೂ ಬರ್ತಾರೆ ಮೇಡಂ."

"ಬರ್ಲಿ ಸಾರ್. ಬಿಸಾಕೋಕೆ ಒಪ್ಪಿದೋರು ಕೊಡೋಕೆ ಯಾಕೆ ಒಪ್ಪಲ್ಲ?"

ಅವರು ಸಮಿತಿ ಸೇರಿಸಿ, ಕೊನೆಗೂ ಒಪ್ಪಿಗೆ ಕೊಟ್ಟರು. ಅರ್ಧ ಹಾಲ್ ಮ್ಯೂಸಿಯಂಗೇ ಉಳಿಯಿತು, ಅದೂ ಆ ಸಭೆಯಲ್ಲೇ ತೀರ್ಮಾನವಾಯಿತು.

ಹೃದಯವನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ವಾಸನೆ ಪೂರ್ತಿ ಹೋಗಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ನಾನೇ ಉಲ್ಲಾಳಕ್ಕೆ ಒಯ್ದೆ. ಸೈಟುಗಳ ನಡುವೆ ಅವರದೊಂದು ತುಂಡು ಹೊಲ ಉಳಿದಿದೆ, ಬೈರಪ್ಪನ ಸಮಾಧಿ ಇರುವುದೂ ಅಲ್ಲೇ. ಬೋರಮ್ಮ ಮಂಡಿಯೂರಿ ಕೂತು, ತಮ್ಮ ಕೈಯಾರೆ ಮಣ್ಣಿಗಿಟ್ಟು ಹಾಲು ಬಿಟ್ಟರು. "ಬಾ ಮಗ, ಮನ್ಗು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಉಂಡ್ಕೊಂಡ್ ಹೋಗವ್ವ" ಎಂದು ಒಳಗೆ ಕರೆದರು. ಅರ್ಧ ಮುದ್ದೆ ಉಂಡು ಎದ್ದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ ಕಣೇ.

ದೀಪ್ತಿ ಎಂಬಿಬಿಎಸ್ ಸೇರಿದ್ದು ಕೇಳಿ ತುಂಬ ಸಂತೋಷವಾಯಿತು. ನಿನ್ನ ಮಗಳ ಕೈ ನಡುಗದಿರಲಿ, ಮನಸ್ಸು ಮರಗಟ್ಟದಿರಲಿ ಎಂದು ಈ ಆಂಟಿ ಹರಸಿದಳೆಂದು ಹೇಳು.

ಇಂತಿ ನಿನ್ನ,
ಪ್ರಭಾ

ತಾ.ಕ.: ಉತ್ತರ ತಡವಾದದ್ದು ಕೆಲಸದಿಂದಾಗಿ ಅಲ್ಲ. ನಿನ್ನ ಕಾಲೇಜಿನ ವಿಳಾಸ ಬರೆಯಲು ಕೈ ಬರುತ್ತಿರಲಿಲ್ಲ. ನಮ್ಮ ಜಗನ್ನಾಥ್ ತಾವು ಸತ್ತ ಮೇಲೆ ದೇಹ ಹುಡುಗರ ಪಾಠಕ್ಕೆ ಹೋಗಲಿ ಅಂದಿದ್ದರು. ನಾನು ಪಾಠ ಮಾಡುವ ಮೇಜಿನ ಮೇಲೆ ಗಂಡನನ್ನು ನೋಡಲಾರದೆ ಮೈಸೂರಿಗೆ, ನೀನು ಪಾಠ ಮಾಡುವಲ್ಲಿಗೆ ಕಳುಹಿಸಿದೆ. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅಂದರು. ಜಗನ್ನಾಥರ ಮಾತು ನಡೆಯಲಿ, ಹುಡುಗರು ಪೂರ್ತಿ ಕಲಿಯಲಿ. ಆದರೆ ಅವರ ಒಂದು ಎಲುಬನ್ನೂ ಕಪಾಟಿನಲ್ಲಿ ಇಡಬೇಡ ರಾಗಿಣಿ. ಎಲ್ಲ ಮುಗಿದ ದಿನ ನನಗೊಂದು ಮಾತು ತಿಳಿಸು. ಅವರನ್ನು ಮನೆಗೆ ಕರೆತರಲು ನಾನೇ ಬರುತ್ತೇನೆ.