ಕೆಳಗಿನ ಸಾಲಿನ ಗೂಡು

ಮೇಲಿನ ಸಾಲ್ಮೆರಾ,
ನೀರಿಳಿ ತಿಂಗಳ ಮೂವತ್ತೆಂಟನೆಯ ದಿನ, ೨೧೯೦

ಪ್ರೀತಿಯ ಮಾದೇವಿ ಅಜ್ಜಿಗೆ,

ನಿನ್ನ ಆರನೆಯ ತಲೆಮಾರಿನ ಇಸಬೆಲ್ ಮಾಡುವ ನಮಸ್ಕಾರ. ನಿನ್ನ ಹೊನ್ನಾವರದ ಕನ್ನಡ ನಮ್ಮ ಮನೆಯಲ್ಲಿ ಉಳಿದಿದೆ. ಉಪ್ಪುನೀರಿನಲ್ಲಿ ಬಹಳ ಕಾಲ ನೆನೆದು ಅಲ್ಲಲ್ಲಿ ಬಣ್ಣ ಬಿಟ್ಟಿದೆ, ಕ್ಷಮಿಸು. ಮೂವತ್ತೆಂಟನೆಯ ದಿನ ಎಲ್ಲಿಂದ ಬಂತೆಂದು ಬೆರಳು ಮಡಿಸುತ್ತ ಕೂರಬೇಡ, ಹೇಳುತ್ತೇನೆ.

ಸಾಲ್ಮೆರಾದ ಭೂಗೋಳ ನಿನಗೆ ಗೊತ್ತೇ ಇದೆ: ಸ್ಪೇನಿನ ಬಡಗಣ ಕರಾವಳಿ, ಬೆನ್ನಿಗೆ ಗುಡ್ಡ, ಎದುರಿಗೆ ಮಡಿಸಿದ ಮೊಣಕೈಯಂಥ ಕೊಲ್ಲಿ. ರೋಮನರು ಇಲ್ಲಿ ಮೀನಿಗೆ ಉಪ್ಪು ಹಾಕಿದರು, ಆಮೇಲಿನವರು ತಿಮಿಂಗಿಲ ಹಿಡಿದರು, ನಿನ್ನ ಕಾಲದಲ್ಲಿ ನೀನು ಕಾರ್ಖಾನೆಯಲ್ಲಿ ಡಬ್ಬಿಗೆ ಮೀನು ತುಂಬುತ್ತಿದ್ದೀಯ. ಚರಿತ್ರೆಯೆಲ್ಲ ಮೀನಿನದೇ, ಮನುಷ್ಯರು ನಡುನಡುವೆ ಮುಳ್ಳಿನಂತೆ ಸಿಗುತ್ತಾರೆ, ಅಷ್ಟೆ.

ನಮ್ಮ ಕಾಲಕ್ಕೆ ಕಡಲು ಏರುತ್ತ ಬಂದು ಕಡಲತಡಿಗೆ ತಡೆಯೇ ಇಲ್ಲವಾಯಿತು. ಊರು ಗುಡ್ಡ ಹತ್ತಿತು, ಬೀದಿಗಳ ಹೆಸರನ್ನೂ ಹೊತ್ತುಕೊಂಡೇ ಹತ್ತಿತು. ನಮ್ಮ ಬಂದರು ಬೀದಿಯಲ್ಲಿ ಈಗ ಆಡು ಮೇಯುತ್ತವೆ. ಮೊದಲು ಹೆಂಡದಂಗಡಿ ಸಾಗಿಸಿದರು, ಆಮೇಲೆ ಇಗರ್ಜಿ. ಪಾದ್ರಿಯೂ ಆ ಸರದಿಗೆ ತಕರಾರು ಮಾಡಲಿಲ್ಲವಂತೆ. ಸ್ಮಶಾನದ ಸರದಿ ಬಂದಾಗ ಪುರಸಭೆಯ ಅಧ್ಯಕ್ಷ ಅನ್ಸೆಲ್ಮೊ, "ಸತ್ತವರಿಗೇನು ಅವಸರ?" ಎಂದ. ಸಭೆಯೆಲ್ಲ ನಕ್ಕು, ಮುಂದೂಡಲು ಕೈಯೆತ್ತಿತು. ಅವಸರ ಕಡಲಿಗಿತ್ತು.

ಇಲ್ಲಿ ಹೆಣವನ್ನು ಹೂಳುವುದಿಲ್ಲ, ಗೋಡೆಯ ಗೂಡಿನಲ್ಲಿಟ್ಟು ಕಲ್ಲು ಮುಚ್ಚುತ್ತಾರೆ ಎಂಬುದನ್ನು ನೀನು ನೋಡಿರುತ್ತೀಯ. ಗಂಡ ತೀರಿಕೊಂಡರೆ ಪಕ್ಕದ ಗೂಡಿಗೆ ಹೆಂಡತಿಯ ಹೆಸರನ್ನೂ ಕೆತ್ತಿಸಿ, ಇಸವಿಯ ಜಾಗ ಖಾಲಿ ಬಿಡುವುದು ವಾಡಿಕೆ. ನಮ್ಮಮ್ಮ ರೆಮೆದಿಯೋಸಳದೂ ಹಾಗೆ ಕಾಯುತ್ತಿದೆ, ನೀರಿನಡಿಯಲ್ಲಿ. ಅದರಲ್ಲೀಗ ಆಕ್ಟೋಪಸ್ಸೊಂದು ಸಂಸಾರ ಹೂಡಿದೆ. "ನಿನ್ನಪ್ಪ ಕೆಳಗೆ, ನಾ ಮೇಲೆ. ಜಗಳ ಮಾಡುಕೂ ಕೂಗ್ಬೇಕು" ಎನ್ನುತ್ತಿದ್ದಳು. ಗುಡ್ಡದ ಹೊಸ ಸ್ಮಶಾನ ಬೇಡವೇ ಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದಳು.

ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ಸ್ಮಶಾನದ ಗೋಡೆ ತಲೆಯೆತ್ತುತ್ತದೆ. ಅದು ಕಾಣುವವರೆಗೆ ನಾವು ತಿಂಗಳನ್ನು ಮುಗಿಸುವುದಿಲ್ಲ. ದಿನಕ್ಕೆ ದಿನ ಸೇರಿಸುತ್ತ ಹೋಗುತ್ತೇವೆ. ಈ ಸಲ ಮೇಲಿನ ಸಾಲಿನಲ್ಲಿ ಗೂಡಿರುವವರು ಗೋಡೆ ಕಂಡಿತೆಂದು ತಿಂಗಳು ಮುಗಿಸಿ, ದೋಣಿಯಲ್ಲಿ ಹೋಗಿ ಹೂವಿಟ್ಟು ಬಂದರು. ನಮ್ಮ ಗೂಡುಗಳಿರುವ ಕೆಳಗಿನ ಸಾಲು ಕಾಣಲೇ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ತಿಂಗಳು ಮುಗಿದಿಲ್ಲ. ಅಮ್ಮ ಮೀನುಮನೆಯ ಮಂಜುಗಡ್ಡೆಯ ಮೇಲೆ ಮಲಗಿದ್ದಾಳೆ. ನೆರೆಯವರು ಸಮಾಧಾನ ಹೇಳುವುದನ್ನೂ ನಿಲ್ಲಿಸಿದ್ದಾರೆ. ನಾಳೆ ಮೂವತ್ತೊಂಬತ್ತು.

ನಮ್ಮ ಮನೆತನದ ಗೂಡುಗಳನ್ನು ಆರಿಸುವವಳು ನೀನು. ಮೇಲಿನ ಸಾಲಿಗೆ ಹೂವಿಡಲು ಏಣಿ ಹತ್ತಬೇಕು, ಮಕ್ಕಳಿಗೆ ಕಷ್ಟ ಎಂದು ಕೆಳಗಿನದನ್ನು ಕೇಳುತ್ತೀಯಂತೆ. ನಮ್ಮ ಮೇಲಿನ ಮಮತೆಯಿಂದಲೇ ಕೇಳುತ್ತೀಯ, ಗೊತ್ತು.

ಮೇಲಿನದನ್ನು ಕೇಳು, ಅಜ್ಜಿ. ಏಣಿ ನಾವು ತರುತ್ತೇವೆ.

ನಿನ್ನ,
ಇಸಬೆಲ್