ಪೋಸ್ಟರಿನ ಬೆನ್ನಿಗೆ ಬರೆದ ಮಾತು

27 ಮಾರ್ಚ್ 2020, ಶುಕ್ರವಾರ. ರಾಣೆಬೆನ್ನೂರು

ಅಕ್ಷರ ಸೊಟ್ಟ ಬಂದಿವೆ, ಒತ್ತು-ದೀರ್ಘ ತಪ್ಪಿರುತ್ತವೆ — ಮಾಫಿ ಇರಲಿ. ಯಾರ ಮಾಫಿ ಕೇಳುತ್ತಿದ್ದೇನೋ. ಇದನ್ನು ಓದುವವರು ಯಾರೂ ಇಲ್ಲ. ಬ್ಯಾಡಗಿಯ ಶಾಲೆಯಲ್ಲಿ ಐದನೇ ಇಯತ್ತೆ ಮುಗಿಸಿದ ಮೇಲೆ ಬರೆದದ್ದೇ ಕಡಿಮೆ. ಓದಿದ್ದು ಮಾತ್ರ ಬಹಳ. ಎಲ್ಲವೂ ನಾಟಕದ ಪುಸ್ತಕ.

ಎಂದಿನಂತೆ ಸುಧಾರಾಣಿ ಅಕ್ಕನ ಪಾತ್ರದ ಸೀರೆಗಳನ್ನು ಬಿಸಿಲಿಗೆ ಹಾಕಿದೆ. ಉಡುವವರಿಲ್ಲ. ಲಾಕ್‌ಡೌನ್ ಆಗಿ ಐರಣಿ ಊರಿನ ನಾಟಕ ನಿಂತಿತು, ಕುಪ್ಪೇಲೂರಿನದೂ ನಿಂತಿತು. ಊರ ಹುಡುಗರು ಗಂಡು ಪಾತ್ರ ಮಾಡುತ್ತಾರೆ, ಹೆಣ್ಣು ಪಾತ್ರಕ್ಕೆ ಅಕ್ಕನನ್ನು ಕರೆಸುತ್ತಾರೆ. ಅಕ್ಕ ನನ್ನನ್ನು ಕರೆದೊಯ್ಯುತ್ತಾಳೆ. ಪರದೆಯ ಮಗ್ಗುಲಲ್ಲಿ ನಿಂತು, ಪುಸ್ತಕ ನೋಡಿ, ಅವಳ ಮಾತನ್ನು ಒಂದು ಉಸಿರು ಮೊದಲೇ ಪಿಸುಗುಟ್ಟುವುದು ನನ್ನ ಕೆಲಸ. ಅವಳಿಗೆ ಕೇಳಬೇಕು, ಜನಕ್ಕೆ ಕೇಳಬಾರದು. ಬೇರೆ ನಟಿಯರಿಗೆ ಆಯಾ ಊರಿನ ಮಾಸ್ತರರೇ ಸಾಕು. ಅಕ್ಕನಿಗೆ ನಾನೇ ಬೇಕು. ದೊಡ್ಡ ನಟಿಯ ಗತ್ತು ಅನ್ನುತ್ತಾರೆ ಜನ.

ಬಸ್ಸಿಲ್ಲ. ಬ್ಯಾಡಗಿ ಇಷ್ಟು ಹತ್ತಿರ, ಆದರೂ ಅಮ್ಮಿಯ ಹತ್ತಿರ ಹೋಗಲಾರೆ. ಇಲ್ಲೇ ಅಕ್ಕನ ಮನೆಯಲ್ಲಿ ಉಳಿದೆ.

ಅಕ್ಕ ಬಣ್ಣವಿಲ್ಲದೆ ಕನ್ನಡಿ ಮುಂದೆ ಕುಳಿತಿದ್ದಳು. "ನಜ್ಮಾ, ಸೀಜನ್ನಾಗ ಈ ಮಾರಿ ನೋಡಿ ಎಷ್ಟು ವರ್ಷಾತು. ಯಾವಾಕಿ ಇಕಿ?" ಎಂದಳು.

16 ಏಪ್ರಿಲ್, ಗುರುವಾರ

ಓಣಿಯ ತುದಿಯ ಶಶಿಕಾಂತಣ್ಣ ಬಂದಿದ್ದ. ಮದುವೆ ವಿಡಿಯೋ ಮಾಡುವವನು. ಮದುವೆ ಇಲ್ಲ, ಯೂಟ್ಯೂಬ್ ಚಾನಲ್ ಶುರು ಮಾಡಿದ್ದಾನೆ.

"ಅಕ್ಕಾರ, ಮಂದಿ ಮನ್ಯಾಗ ಕುಂತು ಬ್ಯಾಸತ್ತಾರ. ಒಂದು ಪಾತ್ರದ ಮಾತು ಹೇಳ್ರಿ, ಮೊಬೈಲ್‌ನಾಗ ಹಿಡೀತೀನಿ."

"ಎದುರಿಗೆ ಮಂದಿ ಇಲ್ಲದ?"

"ನಾ ಇದ್ದೀನಲ್ರಿ."

"ನೀ ಒಬ್ಬಾಂವ ಸೀಟಿ ಹೊಡದ್ರ ಎಷ್ಟು ಕೇಳ್ತೈತೋ ಮಾರಾಯ!"

ಪಡಸಾಲೆಯಲ್ಲಿ ಬೆಡ್‌ಶೀಟ್ ಕಟ್ಟಿದೆವು. ಮಗ್ಗುಲಲ್ಲಿ ಜಾಗವಿಲ್ಲ. ಫೋನಿನ ಹಿಂದೆಯೇ ನಿಂತು ಮಾತು ಪಿಸುಗುಟ್ಟಿದೆ. ಅಕ್ಕ ಅತ್ತಳು, ಗುಡುಗಿದಳು. ಮುಗಿದ ಮೇಲೆ ಮುಖವೇ ಬೇರೆ! ಶಶಿಯಣ್ಣ ಮರಳಿ ಕೇಳಿ ನೋಡದೆ ಹಾಗೇ ಹಾಕಿಬಿಟ್ಟ.

19 ಏಪ್ರಿಲ್, ಭಾನುವಾರ



ವಿಡಿಯೋದಲ್ಲಿ ನಾನಿದ್ದೇನೆ. ಕಾಣುವುದಿಲ್ಲ, ದನಿ ಕೇಳಿಸುತ್ತದೆ. ಅಕ್ಕನಿಗಿಂತ ಜೋರಾಗಿ. ಫೋನಿನ ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು, ಯಾರಿಗೂ ಹೊಳೆಯಲಿಲ್ಲ. ಜನರ ಜಾಗಕ್ಕೇ ಹೋಗಿ ನಿಂತುಬಿಟ್ಟಿದ್ದೆ. ಅಂಗಡಿಯಲ್ಲಿ ಸಕ್ಕರೆ ಕೇಳಲೂ ನಾಚುವವಳು ನಾನು. ಈಗ ಎಷ್ಟು ಸಾವಿರ ಮಂದಿ ನನ್ನ ದನಿ…

ಕೆಳಗೆ ಜನ ಬರೆದದ್ದನ್ನು ಓದು ಎಂದಳು ಅಕ್ಕ. "ಒಂದೂ ಬಿಡಬ್ಯಾಡ."

ಓದಿದೆ. 'ಹಿಂದಿನಾಕಿ ಹೇಳ್ತಾಳ, ಮುಂದಿನಾಕಿ ಗಿಳಿ.' 'ಇಷ್ಟು ವರ್ಷ ಚಪ್ಪಾಳಿ ಹೊಡೆದದ್ದು ಯಾರಿಗೆ?' ಒಂದನ್ನು ಬಿಟ್ಟೆ. ಅದು ಬಹಳ ಹೊಲಸಿತ್ತು.

ಅಕ್ಕ ಊಟ ಮಾಡಲಿಲ್ಲ.

21 ಏಪ್ರಿಲ್, ಮಂಗಳವಾರ

ಶಶಿಯಣ್ಣ ಬಾಗಿಲಲ್ಲೇ ನಿಂತು ಹೇಳಿದ. ಹಾವೇರಿಯ ಒಂದು ಸಂಘದವರು ಭಾನುವಾರ ಹನ್ನೊಂದಕ್ಕೆ ಲೈವ್ ಇಟ್ಟಿದ್ದಾರೆ. ರೋಗದ ಮೇಲೆ ಹೊಸ ಏಕಪಾತ್ರ, ಅವರೇ ಬರೆದು ಕಳಿಸಿದ್ದಾರೆ. "ಅಕ್ಕಾರ, ಸುತ್ತಿನ ಊರಿನ ನಾಟಕದ ಮಂದಿ ಎಲ್ಲಾ ನೋಡ್ತಾರ. ಹಿಂದ ಉಸಿರೂ ಕೇಳಬಾರದು. ಒಬ್ಬರೇ ಹೇಳಿ ತೋರಸ್ರಿ, ಎಲ್ಲಾರ ಬಾಯಿ ಮುಚ್ಚತಾವ."

ಅವನು ಹೋದ ಮೇಲೆ ಅಕ್ಕ ಅಂದಳು: "ಈ ಸಲ ಮಾತು ತಪ್ಪಿತಂದ್ರ ಮುಗೀತು. ಲಾಕ್‌ಡೌನ್ ತೆಗೆದ್ರೂ ಯಾವ ಊರವರೂ ಕರಿಯಂಗಿಲ್ಲ ನನ್ನ."

ಹಳೆಯ ನಾಟಕವಾದರೆ ಮೊದಲ ಮಾತು ಕಿವಿಗೆ ಬಿದ್ದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಇದು ಹೊಸದು. ಓದಿ ಓದಿ ಹೇಳಿದೆ. ಅವಳ ತಲೆಯಲ್ಲಿ ನಿಲ್ಲುತ್ತಿಲ್ಲ.

23 ಏಪ್ರಿಲ್, ಗುರುವಾರ

ಹೇಗೆ ಬರೆಯಲಿ ಇದನ್ನು.

ಉಪಾಯ ಮಾಡಿದ್ದೆ. ಐರಣಿ ನಾಟಕದ ಪೋಸ್ಟರು ಹಾಗೇ ಉಳಿದಿವೆ, ಮುಂದೆ ಅಕ್ಕನ ದೊಡ್ಡ ಫೋಟೋ, ಬೆನ್ನು ಖಾಲಿ. ಆ ಬೆನ್ನಿಗೆ ಇದ್ದಿಲಿನಿಂದ ಮಾತುಗಳನ್ನು ದಪ್ಪಗೆ ಬರೆದೆ. ಫೋನಿನ ಹಿಂದೆ ಎತ್ತಿ ಹಿಡಿಯುತ್ತೇನೆ, ಅಕ್ಕ ನೋಡಿ ಹೇಳಲಿ. ದನಿಯೇ ಬೇಡ.

ಹಿಡಿದೆ. ಅಕ್ಕ ಸುಮ್ಮನೆ ನೋಡಿದಳು. "ಏನ್ ಅಕ್ಷರ ಇವು, ಕಾಗಿ ಕಾಲು ಗುಬ್ಬಿ ಕಾಲು!"

ನನ್ನದೇ ತಪ್ಪೆಂದು ಮತ್ತೆ ಬರೆದೆ. "ಇನ್ನಾ ದಪ್ಪ ಬರಿ" ಎಂದಳು. ಇನ್ನೂ ದಪ್ಪ ಬರೆದೆ. ತೋಳು ಸೋತಿತ್ತು. ಎತ್ತಿ ಹಿಡಿದೆ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ ತಲೆಯಾಡಿಸಿದಳು.

"ಹಾಂ, ಈಗ ಛಲೋ ಕಾಣಾಕತ್ತಾವ ನೋಡು."

ನನ್ನ ಕಡೆಗೆ ಅಕ್ಕನ ಫೋಟೋ ಇತ್ತು. ಅದು ತಲೆಕೆಳಗಾಗಿತ್ತು.

ಅಂದರೆ ಆ ಕಡೆ ಅಕ್ಷರವೂ ತಲೆಕೆಳಗು.

ಪೋಸ್ಟರು ಕೈಯಲ್ಲೇ ಉಳಿಯಿತು. ಎಷ್ಟು ವರ್ಷ ಇವಳ ಜೊತೆ ತಿರುಗಿದ್ದೇನೆ! ಹೊಸ ಪುಸ್ತಕ ಬಂದರೆ ಹಣೆಗೆ ಒತ್ತಿಕೊಂಡು ನನ್ನ ಕೈಗೆ ಕೊಡುತ್ತಿದ್ದಳು. ಭಕ್ತಿ ಅಂದುಕೊಂಡಿದ್ದೆ. 'ನೀ ಓದು, ಕಣ್ಣು ಮುಚ್ಚಿದ್ರ ನನಗ ಪಾತ್ರ ಕಾಣ್ತೈತಿ' ಅನ್ನುತ್ತಿದ್ದಳು. ಅದು ಕಲೆ ಅಂದುಕೊಂಡಿದ್ದೆ.

"ಯಾಕ ಹಂಗ ನಿಂತಿ?"

"ಏನಿಲ್ಲಕ್ಕ." ಮೆಲ್ಲಗೆ ತಿರುಗಿಸಿ ಹಿಡಿದೆ. ತಿರುಗಿಸಬಾರದಿತ್ತು. ನನ್ನ ಕೈ ನೋಡಿ, ನನಗೆ ಗೊತ್ತಾಯಿತೆಂದು ಅವಳಿಗೆ ತಿಳಿಯಿತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

25 ಏಪ್ರಿಲ್, ಶನಿವಾರ

ಇವತ್ತು ರಂಜಾನ್ ಉಪವಾಸದ ಮೊದಲ ರೋಜಾ. ನಸುಕಿನ ಸಹರಿ ಊಟಕ್ಕೆ ಏಳುವಾಗ ನೋಡಿದರೆ ಅಕ್ಕ ನನಗಿಂತ ಮೊದಲೇ ಎದ್ದು ರೊಟ್ಟಿ ತಟ್ಟುತ್ತಿದ್ದಳು.

"ದೇವರಗುಡ್ಡದಾಗ ಸನ್ಮಾನ ಮಾಡಿ, ಮಾನಪತ್ರ ನೀವೇ ಓದ್ರಿ ಅಂದ್ರಲ್ಲ, ನೆನಪೈತಿ?" ಎಂದಳು, ತವೆ ನೋಡುತ್ತಲೇ.

"ನೀನು ಅತ್ತುಬಿಟ್ಟಿ."

"ಮಂದಿ ಚಪ್ಪಾಳಿ ಹೊಡದ್ರು, ಎಂಥಾ ನಟನೆ ಅಂತ. ನಾ ಖರೇನ ಅತ್ತಿದ್ದೆ." ರೊಟ್ಟಿ ತಿರುವಿದಳು. "ಶಶಿಗೆ ಹೇಳಬ್ಯಾಡ, ತಂಗಿ."

"ಯಾರಿಗೂ ಹೇಳಂಗಿಲ್ಲ."

"ನಾಳೆ ಆಗಂಗಿಲ್ಲಂತ ಹೇಳಿಬಿಡ್ತೀನಿ. ಗಿಳಿ ಅಂತ ಅಂದಾರ, ಅಷ್ಟಕ್ಕ ಸಾಕು."



ಮಧ್ಯಾಹ್ನ ನನ್ನ ಸಣ್ಣ ಫೋನಿನ ಚಾರ್ಜು ಮುಗಿದಿತ್ತು, ಅಮ್ಮಿ ಅಕ್ಕನ ಫೋನಿಗೆ ಕರೆ ಮಾಡಿದಳು. ಅಮ್ಮಿಯ ದನಿ ಅಂದರೆ ಓಣಿಗೆಲ್ಲ ಕೇಳುವಂಥದ್ದು. ನಾಚಿಕೆಯಾಗಿ ಇಯರ್‌ಫೋನ್ ಹಾಕಿಕೊಂಡೆ. ಮೆಣಸಿನಕಾಯಿ ಪೇಟೆ ಬಂದ್, ತೊಟ್ಟು ಬಿಡಿಸುವ ಕೆಲಸವಿಲ್ಲ, ನೀನು ಯಾವಾಗ ಬರುತ್ತಿ ಎಂದು ಕೂಗಿ ಕೂಗಿ ಬೈದಳು.

ಫೋನು ಇಟ್ಟ ಮೇಲೆ ಅಕ್ಕ ಕೇಳಿದಳು: "ನಿಮ್ಮವ್ವಗ ಏನಾಗೇತಿ? ಒಂದು ಮಾತೂ ಕೇಳಲಿಲ್ಲ. ಆರಾಮ ಅದಾಳಿಲ್ಲೋ?"

ನಾನು ಅಕ್ಕನ ಮುಖ ನೋಡಿದೆ. ಕೈಯಲ್ಲಿದ್ದ ವಯರು ನೋಡಿದೆ.

26 ಏಪ್ರಿಲ್, ಭಾನುವಾರ. ಬೆಳಿಗ್ಗೆ

ಅಕ್ಕನ ಚೌರಿ ತೆಗೆದುಕೊಂಡೆ, ಪಾತ್ರಕ್ಕೆ ಜಡೆಯಲ್ಲಿ ಸೇರಿಸಿ ಹೆಣೆಯುವ ಆ ಸುಳ್ಳು ಕೂದಲು. ಅದರೊಳಗೆ ಇಯರ್‌ಫೋನಿನ ವಯರು ಇಟ್ಟು ಹೊಲಿದೆ. ಒಂದು ತುದಿ ಕಿವಿಯ ಹಿಂದೆ, ಜುಮುಕಿಯ ಮರೆಗೆ. ಇನ್ನೊಂದು ಬೆನ್ನಿನಿಂದಿಳಿದು ಟೊಂಕದಲ್ಲಿ ಸಿಕ್ಕಿಸಿದ ಅವಳ ಫೋನಿಗೆ. ನನ್ನ ಸಣ್ಣ ಫೋನಿನಿಂದ ಅದಕ್ಕೆ ಕರೆ ಹಚ್ಚಿ ಅಡಿಗೆಮನೆಯಲ್ಲಿ ಬಾಗಿಲು ಹಾಕಿ ಕೂರುತ್ತೇನೆ. ರೋಜಾದ ನೀರಡಿಕೆಗೆ ಗಂಟಲು ಒಣಗಿದೆ. ಪಿಸುಮಾತಿಗೆ ಇಷ್ಟು ಸಾಕು.

ಒಮ್ಮೆ ಮಾಡಿ ನೋಡಿದೆವು. ಬಾಗಿಲ ಈಚೆಯಿಂದ ಮೊದಲ ಮಾತು ಪಿಸುಗುಟ್ಟಿದೆ. ಒಂದು ಉಸಿರು. ಆಮೇಲೆ ಪಡಸಾಲೆಯಲ್ಲಿ ಅಕ್ಕನ ದನಿ ಎದ್ದಿತು, ಅವಳದೊಂದೇ. ಕೊನೆಯವರೆಗೂ ಎಲ್ಲಿಯೂ ತಡವರಿಸಲಿಲ್ಲ.

"ಇನ್ನೊಂದು ಟಾಕಿ ಹಾಕು ಇಲ್ಲಿ" ಎಂದಳು, ಬೆನ್ನು ತಿರುಗಿಸಿ ಕುಳಿತು. "ಸಿಟ್ಟಿನ ಮಾತಿಗೆ ತಲಿ ಝಾಡಸ್ತೀನಿ."

ಕತ್ತಿನ ಹತ್ತಿರ ಇನ್ನೊಂದು ಹೊಲಿಗೆ ಹಾಕಿದೆ. ಕಪ್ಪು ದಾರ. ರೋಜಾ ಅಲ್ಲವೇ, ಹಲ್ಲಿನಿಂದ ಕಡಿಯಲಿಲ್ಲ, ಕತ್ತರಿ ಹುಡುಕಿ ತಂದು ಕತ್ತರಿಸಿದೆ. ಹನ್ನೊಂದಕ್ಕೆ ಇನ್ನು ಸ್ವಲ್ಪವೇ ಹೊತ್ತು.